ಸಿಪಿಯು ವಾಟರ್ ಬ್ಲಾಕ್ ಬದಲಿಸಿದರೆ ನಿಜವಾಗಿ ಎಷ್ಟು ಡಿಗ್ರಿ ಇಳಿಯುತ್ತದೆ?

ಚೌಕಿ ಕ್ಯಾಮರಾ · ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ನಾನು ಯಕ್ಷಗಾನ ರೆಕಾರ್ಡಿಂಗ್ ಮಾಡುವವ. ರಾತ್ರಿಯಿಡೀ ಆಟ, ಮೂರು ಕ್ಯಾಮರಾ, ಮರುದಿನ 4ಕೆ ಎಡಿಟಿಂಗು, ಅದರ ಮೇಲೆ ಎನ್‌ಕೋಡಿಂಗು. ಸಿಸ್ಟಮ್ಮಿನ ಪ್ರೊಸೆಸರ್ ಎಎಂಡಿಯ ರೈಜನ್ 9 7950ಎಕ್ಸ್. ಮಂಗಳೂರಲ್ಲಿ ಒಬ್ರು ಲೂಪ್ (ನೀರು ಸುತ್ತಿಸಿ ಪ್ರೊಸೆಸರ್ ತಂಪು ಮಾಡುವ ವ್ಯವಸ್ಥೆ) ಸಮೇತ ಮಾರ್ತಿದ್ರು, ತಗೊಂಡೆ. 360ರ ರೇಡಿಯೇಟರ್, ಡಿ5 ಪಂಪು, ಪಿವಿಸಿ ಟ್ಯೂಬು. ಬ್ಲಾಕ್, ಅಂದ್ರೆ ಪ್ರೊಸೆಸರಿನ ಮೇಲೆ ಕೂತು ಒಳಗೆ ನೀರು ಹರಿಸುವ ತಾಮ್ರದ ತುಂಡು, ಮಾತ್ರ ಹಳತು, ಇಂಟೆಲ್ ನಾಲ್ಕು ಕೋರಿನ ಕಾಲದ್ದು. ಎಎಂ5ಗೆ (ಈ ಪ್ರೊಸೆಸರಿನ ಸಾಕೆಟ್) ಬ್ರಾಕೆಟ್ ಸಿಗಿಸಿ ಕೂರಿಸಿದ್ದಾರೆ.

ಸಮಸ್ಯೆ ಎಂತ ಅಂದ್ರೆ, ಎನ್‌ಕೋಡ್ ಸುರುವಾದ ಕೂಡ್ಲೆ ಕೋರ್ 95 ಡಿಗ್ರಿ. ಅಲ್ಲಿಂದ ಇಳಿಯುದೇ ಇಲ್ಲ. ಲೂಪಿನ ಸೆನ್ಸರಿನಲ್ಲಿ ನೀರು 41 ತೋರಿಸ್ತದೆ, ಕೋಣೆ 33. ಅಂಗಡಿಯವ್ರು ಹೇಳುದು, ಬ್ಲಾಕ್ ಓಬಿರಾಯನ ಕಾಲದ್ದು, ಸಪೂರ ಫಿನ್ನಿನ (ಒಳಗಿನ ತಾಮ್ರದ ತೆಳು ಹಲ್ಲುಗಳು) ಹೊಸತು ಹಾಕಿದ್ರೆ 15 ಡಿಗ್ರಿ ಇಳೀತದೆ ಅಂತ. ಇನ್ನೊಬ್ಬ ಸ್ನೇಹಿತ ಹೇಳುದು ಇನ್ನೊಂದು ರೇಡಿಯೇಟರ್ ಹಾಕು ಅಂತ. ಎರಡಕ್ಕೂ ದುಡ್ಡು ಹತ್ತಿರ ಹತ್ತಿರ ಒಂದೇ. ಯಾವುದು ಮಾಡ್ಲಿ?

ಪೆರ್ಲದ ಪಿಕ್ಸೆಲ್ · ಪೆರ್ಲ

95 ನೋಡಿ ಹೆದರ್ಬೇಡಿ. ಆ ಪ್ರೊಸೆಸರ್ ಇರುದೇ ಹಾಗೆ. 2022ರಲ್ಲಿ ರೈಜನ್ 7000 ಬಿಡುವಾಗಲೇ ಎಎಂಡಿ ಹೇಳಿತ್ತು: 95 ಮುಟ್ಟುವವರೆಗೆ ಅಥವಾ ವ್ಯಾಟ್ ಮಿತಿ ಮುಟ್ಟುವವರೆಗೆ ಅದು ಕ್ಲಾಕ್ ಸ್ಪೀಡ್ ಏರಿಸ್ತಾ ಹೋಗ್ತದೆ. ನಂದೂ ಅದೇ ಚಿಪ್ಪು, 3ಡಿ ರೆಂಡರಿಂಗಿಗೆ. ಬ್ಲಾಕ್ ಒಳ್ಳೇದಾದ್ರೆ ಟೆಂಪರೇಚರ್ ಇಳಿಯುದಲ್ಲ, ಮೆಗಾಹರ್ಟ್ಸ್ ಏರುದು. ನೀವು 95 ನೋಡ್ತಾ ಕೂತ್ರೆ ಯಾವ ಬ್ಲಾಕ್ ಹಾಕಿದ್ರೂ ಒಂದೇ ಕಾಣ್ತದೆ.

ನೀರ್ಚಾಲು ಮಾಷ್ಟ್ರು · ನೀರ್ಚಾಲು

ಅಕ್ಕ ಹೇಳಿದ್ದು ಸರಿ. ಅದರ ಮೊದಲು ಇನ್ನೊಂದು ವಿಷಯ. ಕೋಣೆ 33, ನೀರು 41, ಕೋರ್ 95 ಎಂದಿರಲ್ಲ, ಅರ್ಧ ಉತ್ತರ ಅದರಲ್ಲೇ ಉಂಟು.

ಕೋಣೆಯಿಂದ ನೀರಿಗೆ 8 ಡಿಗ್ರಿ. ಇದು ರೇಡಿಯೇಟರ್ ಮತ್ತು ಫ್ಯಾನಿನ ಲೆಕ್ಕ. ನೀರಿನಿಂದ ಕೋರಿಗೆ 54 ಡಿಗ್ರಿ. ಇದು ಬ್ಲಾಕ್, ಬ್ಲಾಕಿನಡಿ ಹಚ್ಚುವ ಪೇಸ್ಟ್, ಐಎಚ್‌ಎಸ್ ಎನ್ನುವ ತಾಮ್ರದ ಮುಚ್ಚಳ, ಅದರಡಿಯ ಬೆಸುಗೆ ಮತ್ತು ಸಿಲಿಕಾನ್, ಎಲ್ಲ ಸೇರಿದ ಲೆಕ್ಕ. ಇನ್ನೊಂದು ರೇಡಿಯೇಟರ್ ಹಾಕಿದರೆ ಆ 8ರಲ್ಲಿ ಸ್ವಲ್ಪ ಕಡಿಮೆ ಆದೀತು. ನೀರು ಕೋಣೆಗಿಂತ ತಣ್ಣಗೆ ಆಗುವುದು ಹೇಗೂ ಸಾಧ್ಯವಿಲ್ಲ. ಹಾಗಾಗಿ ಆ ದುಡ್ಡು ಉಳಿಸಿ.

54ರಲ್ಲಿ ಬ್ಲಾಕಿನ ಪಾಲೆಷ್ಟು? ಅಂಗಡಿಯವರು 54ನ್ನೂ ಬ್ಲಾಕಿನ ತಲೆಗೇ ಕಟ್ಟಿದ್ದಾರೆ. ಅದು ಹಾಗಲ್ಲ.

ಮೊದಲು ಒಂದು ಕೆಲಸ ಮಾಡಿ. ಬಯಾಸ್‌ನಲ್ಲಿ ಇಕೋ ಮೋಡ್ 105 ವ್ಯಾಟ್ ಹಾಕಿ. ಆಗ ಸಾಕೆಟ್ ಮಿತಿ 230ರಿಂದ 142 ವ್ಯಾಟಿಗೆ ಇಳಿಯುತ್ತದೆ, ಕೋರ್ 95 ಮುಟ್ಟುವುದಿಲ್ಲ, ವ್ಯಾಟ್ ಒಂದೇ ಕಡೆ ನಿಲ್ಲುತ್ತದೆ. ನೀರಿನ ಉಷ್ಣತೆ ಸ್ಥಿರವಾಗುವವರೆಗೆ ಎನ್‌ಕೋಡ್ ಓಡಿಸಿ, ಕೋರ್‌ನಿಂದ ನೀರು ಕಳೆದು ಬರೆದಿಡಿ. ಮುಂದೆ ಏನು ಬದಲಿಸಿದರೂ ಆ ಅಂಕೆಯನ್ನೇ ಹೋಲಿಸಬೇಕು. ಬರೀ ಕೋರ್ ಉಷ್ಣತೆ ಹೋಲಿಸಿದರೆ ಮಳೆ ಬಂದ ದಿನ ಎಲ್ಲ ಬ್ಲಾಕೂ ಒಳ್ಳೆಯದೇ.

ಜತ್ತದ ಬಿಸಿಲು · ಜತ್ತ

ನಮಸ್ಕಾರ್ರೀ. ನಿಮ್ಮ 33 ಡಿಗ್ರಿ ಕೋಣಿ ನೋಡಿ ಹೊಟ್ಟಿ ಉರೀತು. ನಂದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ, ಮ್ಯಾಲ ತಗಡು. ಮೇ ತಿಂಗಳದಾಗ ಒಳಗ 40 ದಾಟತೈತಿ. ನನ್ನ ಲೂಪಿನ್ಯಾಗ ನೀರು 50ಕ್ಕ ಬರತೈತಿ. ಅಷ್ಟು ಬಿಸಿ ನೀರು ಹರಿಸಿ ತಂಪು ಮಾಡೂದು ಅಂದ್ರ ನಗ್ತಾರ ಮಂದಿ. ಬ್ಲಾಕ್ ಚಲೋದು ಹಾಕಿದ್ರ ನಮ್ಮಂಥಾ ಬಿಸಲ ಊರಾಗ ಹೆಚ್ಚು ಫರಕ್ ಬರತೈತೇನು?

ನೀರ್ಚಾಲು ಮಾಷ್ಟ್ರು · ನೀರ್ಚಾಲು

ಫರಕು ಅಷ್ಟೇ. ಅದೇ ವ್ಯಾಟಿಗೆ ನೀರಿನಿಂದ ಕೋರಿಗಿರುವ ಅಂತರ ನೀರ್ಚಾಲಿನಲ್ಲೂ ಜತ್ತದಲ್ಲೂ ಹತ್ತಿರ ಹತ್ತಿರ ಒಂದೇ. ನಿಮ್ಮಲ್ಲಿ ಆ ಅಂತರ ಸುರುವಾಗುವುದು 50ರಿಂದ, ನಮ್ಮಲ್ಲಿ 41ರಿಂದ. ಆದರೆ ಮೇಲೆ 95ರ ಗೋಡೆ ಇರುವುದರಿಂದ ನಿಮಗೆ ಉಳಿದ ಜಾಗ ಕಡಿಮೆ. ಒಂದೊಂದು ಡಿಗ್ರಿಗೂ ನಿಮ್ಮಲ್ಲಿ ಬೆಲೆ ಜಾಸ್ತಿ.

ಬಿಸಿ ನೀರಿನ ಬಗ್ಗೆ ನಗುವವರಿಗೆ ಹೇಳಿ: 2010ರಲ್ಲಿ ಐಬಿಎಂ ಮತ್ತು ಜ್ಯೂರಿಕ್‌ನ ಇಟಿಎಚ್ ಸೇರಿ ಅಕ್ವಸಾರ್ ಎಂಬ ಸೂಪರ್‌ಕಂಪ್ಯೂಟರ್ ಕಟ್ಟಿದರು. ಪ್ರೊಸೆಸರಿನ ಮೇಲೆ ಮೈಕ್ರೋಚಾನಲ್ ಬ್ಲಾಕ್ ಇಟ್ಟು ಸುಮಾರು 60 ಡಿಗ್ರಿ ನೀರನ್ನೇ ಹರಿಸಿದರು. ಚಿಪ್ 85ರ ಒಳಗೇ ಇತ್ತು. ಹೊರಬಂದ ಬಿಸಿಯನ್ನು ಕಟ್ಟಡ ಬೆಚ್ಚಗಿಡಲು ಬಳಸಿದರು. ನಮಗೆ ಆ ಅಗತ್ಯವಿಲ್ಲ, ಬಿಡಿ.

ಹೊಸೂರು ಮಿಲ್ಲಿಂಗ್ · ಹೊಸೂರು

ಸಿಎನ್‌ಸಿ ಶಾಪ್‌ನಲ್ಲಿ ಕೆಲಸ ಮಾಡೋನು ನಾನು. ತಾಮ್ರ ಕತ್ತರಿಸಿ ಕೈ ಪಳಗಿದೆ, ಹವ್ಯಾಸಕ್ಕೆ ಬ್ಲಾಕ್ ಕೂಡ ಮಾಡ್ಕೊಂಡಿದೀನಿ. ನನ್ ಮಾತು ಕೇಳಿ: ಬ್ಲಾಕ್ ಅಂದ್ರೆ ಫಿನ್ನು. ಮಿಕ್ಕಿದ್ದೆಲ್ಲ ಅಲಂಕಾರ, ಲೈಟು, ಅಕ್ರಿಲಿಕ್.

ಮೊದ್ಲೆಲ್ಲ ಬ್ಲಾಕ್ ಒಳಗೆ ಒಂದೇ ಅಗಲವಾದ ಕಾಲುವೆ ಹಾವಿನ ಥರ ಸುತ್ತಿ ಸುತ್ತಿ ಬರ್ತಿತ್ತು. ಎಂಡ್‌ಮಿಲ್ ಇದ್ದೋರು ಯಾರ್ ಬೇಕಾದ್ರೂ ಮಾಡ್ಬೋದು. ನೀರು ಸಲೀಸಾಗಿ ಓಡತ್ತೆ, ಆದ್ರೆ ತಾಮ್ರಕ್ಕೂ ನೀರಿಗೂ ತಾಗೋ ಜಾಗ ಕಮ್ಮಿ. ಆಮೇಲೆ ಗೂಟಗಳ ಸಾಲು ಬಂತು, ಆಮೇಲೆ ಸಪೂರ ಫಿನ್ನು. ಈಗ ಸ್ಲಿಟಿಂಗ್ ಸಾ ಜೋಡಿಸಿ ಸೀಳ್ತಾರೆ, ಇಲ್ಲ ಸ್ಕೈವಿಂಗ್ ಮಾಡ್ತಾರೆ. ಸ್ಕೈವಿಂಗ್ ಅಂದ್ರೆ ಉಳಿ ಹಾಕಿ ತಾಮ್ರದ ಮೈಯನ್ನೇ ಸಿಪ್ಪೆ ಥರ ಎಬ್ಬಿಸಿ ನಿಲ್ಲಿಸೋದು. ಅದ್ರಲ್ಲಿ 0.1 ಮಿ.ಮೀ. ಫಿನ್ನೂ ಬರತ್ತೆ. ಸಾನಲ್ಲಿ 0.3ರ ಕೆಳಗೆ ಹೋದ್ರೆ ನಮ್ ಥರದ ಶಾಪ್‌ಗೆ ಕಷ್ಟ, ಶುದ್ಧ ತಾಮ್ರ ಅಂಟಂಟು, ಬ್ಲೇಡಿಗೆ ಕಚ್ಕೊಂಡು ಫಿನ್ ಬಗ್ಗಿಸ್ಬಿಡತ್ತೆ. ಟೆಲ್ಯೂರಿಯಂ ತಾಮ್ರ ತಗೊಂಡ್ರೆ ಬೆಣ್ಣೆ ಹಂಗೆ ಹೋಗತ್ತೆ, ಆದ್ರೆ ಶಾಖ ಸಾಗಿಸೋ ಅಂಕೆ ಶುದ್ಧ ತಾಮ್ರದ 390ಕ್ಕೆ ಬದ್ಲು 355 ಆಸುಪಾಸು (ಮೀಟರ್-ಕೆಲ್ವಿನ್‌ಗೆ ವ್ಯಾಟ್ ಲೆಕ್ಕ).

ಫಿನ್ ಸಪೂರ ಆದಷ್ಟೂ ನೀರು ಒಳಗೆ ಕಲಕಾಡಿ ಟರ್ಬುಲೆಂಟ್ ಆಗತ್ತೆ, ಬಿಸಿ ಎಳ್ಕೊಳತ್ತೆ. ಹಳೇ ಬ್ಲಾಕ್ ಎಸೀರಿ.

ಮುಳ್ಳೇರಿಯ ತೋಟ · ಮುಳ್ಳೇರಿಯ

ನಮ್ಮ ಅಡಿಕೆ ತೋಟದ ಸ್ಪ್ರಿಂಕ್ಲರ್ ನೆನಪಾಯ್ತು ನೋಡಿ. ನಾಝಲ್ ಸಣ್ಣದು ಹಾಕಿದ್ರೆ ನೀರು ಜೋರಾಗಿ ದೂರ ಹಾರ್ತದೆ, ಆದ್ರೆ ಒಟ್ಟು ಬೀಳುವ ನೀರು ಕಡಿಮೆ. ತೀರಾ ಸಣ್ಣದು ಹಾಕಿದ್ರೆ ಕಸ ಸಿಕ್ಕಿಕೊಳ್ತದೆ, ಪಂಪು ಸುಮ್ಮನೆ ತಿರುಗುದು. ಬ್ಲಾಕಿನಲ್ಲಿ ಹಾಗೆ ಆಗುದಿಲ್ವಾ?

ನೀರ್ಚಾಲು ಮಾಷ್ಟ್ರು · ನೀರ್ಚಾಲು

ತೋಟದವರು ಹೇಳಿದ್ದರ ಮೇಲೆಯೇ ಇಡೀ ಬ್ಲಾಕ್ ವಿನ್ಯಾಸ ನಿಂತಿದೆ. ಹೊಸೂರಿನವರ ಮಾತಿನಲ್ಲಿ ಒಂದು ಭಾಗಕ್ಕೆ ಮಾತ್ರ ನನ್ನ ತಕರಾರು. ಫಿನ್ನಿನ ನಡುವೆ ನೀರು ಕಲಕಾಡುವುದಿಲ್ಲ. ಲೆಕ್ಕ ಹಾಕಿ ನೋಡೋಣ.

ಚಾನಲ್ 0.3 ಮಿ.ಮೀ. ಅಗಲ, 3 ಮಿ.ಮೀ. ಎತ್ತರ, ಫಿನ್ನೂ 0.3 ದಪ್ಪ. 30 ಮಿ.ಮೀ. ಅಗಲದ ತಳದಲ್ಲಿ 50 ಚಾನಲ್ ಹಿಡಿಯುತ್ತದೆ. ನೀರು ನಡುವಿನಿಂದ ಇಳಿದು ಎರಡೂ ಬದಿಗೆ ಹೋಗುವ ಮಾದರಿ, ನಿಮಿಷಕ್ಕೆ 4 ಲೀಟರ್. ಪ್ರತಿ ಚಾನಲ್ಲಿನಲ್ಲಿ ವೇಗ ಸೆಕೆಂಡಿಗೆ ಮುಕ್ಕಾಲು ಮೀಟರ್ ಆಸುಪಾಸು ಬರುತ್ತದೆ. 40 ಡಿಗ್ರಿ ನೀರಿಗೆ ರೆನಾಲ್ಡ್ಸ್ ಸಂಖ್ಯೆ ಸುಮಾರು 600. ಟರ್ಬುಲೆಂಟ್ ಆಗಬೇಕಾದರೆ 2300 ದಾಟಬೇಕು. ಅಂದರೆ ಅಲ್ಲಿ ಹರಿವು ಪೂರಾ ಲ್ಯಾಮಿನಾರ್, ಪದರ ಪದರವಾಗಿ ಜಾರಿಕೊಂಡು ಹೋಗುತ್ತದೆ. ಚಾನಲ್ ಸಪೂರ ಆದಷ್ಟೂ ರೆನಾಲ್ಡ್ಸ್ ಸಂಖ್ಯೆ ಇನ್ನೂ ಇಳಿಯುತ್ತದೆ.

ಹಾಗಾದರೆ ಸಪೂರ ಫಿನ್ನಿನಿಂದ ಲಾಭ ಎಲ್ಲಿಂದ? ಲ್ಯಾಮಿನಾರ್ ಹರಿವಿನಲ್ಲಿ ಬಿಸಿ ಗೋಡೆಯಿಂದ ನೀರಿನ ನಡುಭಾಗಕ್ಕೆ ಹೋಗಬೇಕಾದ ದೂರವೇ ಮುಖ್ಯ. ಗೋಡೆಗಳು ಹತ್ತಿರವಾದರೆ ಆ ದೂರ ಕಡಿಮೆ. ಚಾನಲ್ ಅರ್ಧವಾದರೆ ಶಾಖ ದಾಟುವ ದರ ಸುಮಾರು ಎರಡು ಪಾಲಾಗುತ್ತದೆ, ಫಿನ್ನುಗಳ ಸಂಖ್ಯೆ ಎರಡು ಪಾಲಾಗಿ ತಾಗುವ ಜಾಗವೂ ದುಪ್ಪಟ್ಟು.

ಇದನ್ನು ಮೊದಲು ತೋರಿಸಿಕೊಟ್ಟವರು 1981ರಲ್ಲಿ ಸ್ಟ್ಯಾನ್‌ಫರ್ಡ್‌ನ ಟಕರ್‌ಮನ್ ಮತ್ತು ಪೀಸ್. ಸಿಲಿಕಾನ್ ತುಂಡಿನ ಬೆನ್ನಿನಲ್ಲೇ ಸುಮಾರು 50 ಮೈಕ್ರಾನ್ ಅಗಲದ ಕಾಲುವೆ ಕೊರೆದು ನೀರು ಹರಿಸಿದರು. ಚದರ ಸೆಂ.ಮೀ.ಗೆ 790 ವ್ಯಾಟ್ ಹೊರತೆಗೆದರು, ಒಳಬರುವ ನೀರಿಗಿಂತ ಚಿಪ್ 71 ಡಿಗ್ರಿ ಮಾತ್ರ ಏರಿತು. ಇವತ್ತಿನ 7950ಎಕ್ಸ್‌ನಲ್ಲಿ ಒಂದು ಸಿಸಿಡಿ (ಕೋರುಗಳಿರುವ ಸಿಲಿಕಾನ್ ತುಂಡು) 71 ಚದರ ಮಿ.ಮೀ. ಅದರಲ್ಲಿ 100 ವ್ಯಾಟ್ ಎಂದಿಟ್ಟುಕೊಂಡರೆ ಚದರ ಸೆಂ.ಮೀ.ಗೆ 140. ಅವರ ಐದನೇ ಒಂದು ಪಾಲು. ಆದರೂ ನಮಗೆ 54 ಡಿಗ್ರಿ ಅಂತರ ಬರುತ್ತಿದೆ. ಯಾಕೆ? ಅವರಲ್ಲಿ ಮುಚ್ಚಳ ಇರಲಿಲ್ಲ, ಪೇಸ್ಟ್ ಇರಲಿಲ್ಲ.

ಹೊಸೂರು ಮಿಲ್ಲಿಂಗ್ · ಹೊಸೂರು

ಸರಿ ಮಾಷ್ಟ್ರೆ, ಟರ್ಬುಲೆಂಟ್ ವಿಚಾರ ನಿಮಗೆ ಬಿಟ್ಟೆ. ಆದ್ರೆ ನೀವೇ ಹೇಳ್ತಿದೀರಲ್ಲ, ಅಗಲ ಅರ್ಧ ಮಾಡಿದ್ರೆ ದರ ಎರಡು ಪಾಲು, ಜಾಗ ಎರಡು ಪಾಲು. ನಾಲ್ಕು ಪಾಲು ಲಾಭ ಅಲ್ವಾ? ಅಂಗಡಿಯವನ 15 ಡಿಗ್ರಿ ಏನ್ ತಪ್ಪು?

ನೀರ್ಚಾಲು ಮಾಷ್ಟ್ರು · ನೀರ್ಚಾಲು

ನಾಲ್ಕು ಪಾಲು ಬರುವುದಿಲ್ಲ. ಫಿನ್ ಸಪೂರ ಆದಾಗ ಬಿಸಿ ಅದರ ತುದಿವರೆಗೆ ಏರುವುದೇ ಇಲ್ಲ. 0.3 ದಪ್ಪದ, 3 ಮಿ.ಮೀ. ಎತ್ತರದ ತಾಮ್ರದ ಫಿನ್ ಸುಮಾರು ಮುಕ್ಕಾಲು ಪಾಲು ಕೆಲಸ ಮಾಡುತ್ತದೆ. 0.15 ಮಾಡಿದರೆ ಅರ್ಧಕ್ಕಿಂತ ಕಡಿಮೆ, ಮೇಲಿನ ಭಾಗ ಸುಮ್ಮನೆ ನೀರಿಗೆ ಅಡ್ಡ ನಿಂತಿರುತ್ತದೆ. ಸಪೂರ ಫಿನ್ನಿನ ಬ್ಲಾಕುಗಳಲ್ಲಿ ಎತ್ತರವನ್ನೂ ತಗ್ಗಿಸುವುದು ಇದಕ್ಕೇ.

ಈಗ ಮುಖ್ಯ ಅಂಕೆ. 0.3ರ ಬ್ಲಾಕಿನಲ್ಲಿ, ಬಿಸಿ ಇಡೀ ತಳಕ್ಕೆ ಸಮವಾಗಿ ಹರಡಿತು ಎಂದಿಟ್ಟುಕೊಂಡರೆ, 230 ವ್ಯಾಟಿಗೆ ತಾಮ್ರದಿಂದ ನೀರಿಗೆ ದಾಟಲು ಬೇಕಾಗುವ ಅಂತರ ಸುಮಾರು 5 ಡಿಗ್ರಿ. 0.15 ಮಾಡಿ, ಹರಿವು ಹಾಗೇ ಉಳಿಸಿಕೊಂಡರೆ ಸುಮಾರು 2 ಡಿಗ್ರಿ. ಉಳಿತಾಯ 3 ಡಿಗ್ರಿ. ನಿಜವಾಗಿ ಬಿಸಿ ಸಮವಾಗಿ ಹರಡುವುದಿಲ್ಲ, ಎರಡು ಸಣ್ಣ ಜಾಗದಿಂದ ಬರುತ್ತದೆ, ಹಾಗಾಗಿ ಎರಡೂ ಅಂಕೆ ಇನ್ನೂ ಸ್ವಲ್ಪ ಮೇಲಿರುತ್ತವೆ. ಆದರೂ 54ರಲ್ಲಿ ಫಿನ್ನಿನ ಕೈಯಲ್ಲಿರುವುದು ಇಷ್ಟೇ. ಇಲ್ಲಿಂದ 15 ಡಿಗ್ರಿ ಉಳಿಸುವುದು ಹೇಗೆ? ಇಲ್ಲದ್ದನ್ನು ಕಳೆಯಲು ಆಗುವುದಿಲ್ಲ.

ಆ 3 ಡಿಗ್ರಿಗೆ ಕೊಡುವ ಬೆಲೆಯೂ ಉಂಟು. ಅದೇ ಹರಿವಿಗೆ ಒತ್ತಡದ ನಷ್ಟ ಮೂರೂವರೆ ಪಾಲಿಗಿಂತ ಹೆಚ್ಚು. ಡಿ5 ಪಂಪು ತಡೆಯೇ ಇಲ್ಲದಾಗ ಗಂಟೆಗೆ 1500 ಲೀಟರ್ ತಳ್ಳುತ್ತದೆ, ಆದರೆ ಎತ್ತುವ ಶಕ್ತಿ 4 ಮೀಟರಿಗಿಂತ ಸ್ವಲ್ಪ ಕಡಿಮೆ. ಬ್ಲಾಕ್ ತಡೆದರೆ ಹರಿವು ಇಳಿಯುತ್ತದೆ. ತೋಟದವರ ನಾಝಲ್ ಪ್ರಶ್ನೆಗೆ ಇದೇ ಉತ್ತರ.

ತಾಳವಾಡಿ ಹುಡುಗ · ತಾಳವಾಡಿ

ಸಾರ್, ನಾನು ಡಿಪ್ಲೊಮಾ ಓದ್ತಿದ್ದೀನಿ. ಹರಿವು ಇಳಿದ್ರೆ ನೀರು ಬ್ಲಾಕ್ ಒಳಗೆ ಜಾಸ್ತಿ ಹೊತ್ತು ಇರತ್ತಲ್ಲ, ಆಗ ಜಾಸ್ತಿ ಬಿಸಿ ಹೀರ್ಕೊಳಲ್ವಾ?

ಪೆರ್ಲದ ಪಿಕ್ಸೆಲ್ · ಪೆರ್ಲ

ಈ ಪ್ರಶ್ನೆ ಪ್ರತಿ ಚರ್ಚೆಯಲ್ಲೂ ಬರ್ತದೆ ತಮ್ಮಾ. ಇಲ್ಲ. ಪ್ರೊಸೆಸರ್ 230 ವ್ಯಾಟ್ ಕೊಡ್ತದೆ ಅಂದ್ರೆ ಲೂಪ್ ಸ್ಥಿರವಾದ ಮೇಲೆ ನೀರು 230 ವ್ಯಾಟೇ ಒಯ್ಯುದು, ಹರಿವು ಎಷ್ಟಿದ್ರೂ. ನಿಮಿಷಕ್ಕೆ 1 ಲೀಟರ್ ಹರಿದ್ರೆ ಒಳಗೆ ಹೋದ ನೀರಿಗಿಂತ ಹೊರಬಂದ ನೀರು 3.3 ಡಿಗ್ರಿ ಬಿಸಿ. 4 ಲೀಟರ್ ಹರಿದ್ರೆ 0.8 ಡಿಗ್ರಿ. ಅಷ್ಟೇ ವ್ಯತ್ಯಾಸ. ನಿಧಾನ ಹರಿದ್ರೆ ಬ್ಲಾಕ್ ಒಳಗಿನ ಸರಾಸರಿ ನೀರೇ ಬಿಸಿ, ಲಾಭ ಇಲ್ಲ.

ಇದೇ ಕಾರಣಕ್ಕೆ ಲೂಪಿನಲ್ಲಿ ಮೊದಲು ಸಿಪಿಯುವೋ ಗ್ರಾಫಿಕ್ ಕಾರ್ಡೋ ಅಂತ ತಲೆ ಕೆಡಿಸಿಕೊಳ್ಳುದೂ ಬೇಡ. ಟ್ಯೂಬು ಹೇಗೆ ಚಂದ ಕಾಣ್ತದೋ ಹಾಗೆ ಎಳೀರಿ.

ಚೌಕಿ ಕ್ಯಾಮರಾ · ಬದಿಯಡ್ಕ

ಮಾಷ್ಟ್ರೆ, ಇಕೋ ಮೋಡ್ ಹಾಕಿ ನೋಡಿದೆ. ನೀರು 38, ಕೋರ್ 71. ವ್ಯತ್ಯಾಸ 33. ಮತ್ತೆ ಒಂದು ವಿಷಯ, ಎನ್‌ಕೋಡಿಗೆ ತಗಲುವ ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಬರ್ಲಿಲ್ಲ! ಇಷ್ಟು ದಿನ ಆ ಹೆಚ್ಚಿನ ಕರೆಂಟ್ ಎಂತಕ್ಕೆ ಸುಟ್ಟದ್ದೋ. ಫ್ಯಾನಿನ ಸದ್ದು ಕಡಿಮೆಯಾಗಿ ಈಗ ಚೆಂಡೆಯ ಆಡಿಯೋ ಹೆಡ್‌ಫೋನ್ ಇಲ್ಲದೇ ಕೇಳ್ಲಿಕ್ಕೆ ಆಗ್ತದೆ.

ಹಾಗಾದ್ರೆ ಹಳೇ ಬ್ಲಾಕೇ ಸಾಕಾ? ಹೊಸ ಬ್ಲಾಕ್ ಬರೀ ದುಡ್ಡು ದಂಡವಾ?

ನೀರ್ಚಾಲು ಮಾಷ್ಟ್ರು · ನೀರ್ಚಾಲು

ಹಾಗೂ ಹೇಳಲಿಲ್ಲ ನಾನು. ಫಿನ್ನಿನಲ್ಲಿ ಸಿಗುವುದು ಕಡಿಮೆ ಎಂದದ್ದು ಮಾತ್ರ. ಬ್ಲಾಕಿನಲ್ಲಿ ಫಿನ್ ಬಿಟ್ಟು ಬೇರೆ ಸಂಗತಿಗಳಿವೆ, ಹೊಸೂರಿನವರು ಅವನ್ನು ಅಲಂಕಾರದ ಪಟ್ಟಿಗೆ ಸೇರಿಸಿಬಿಟ್ಟರು.

ನಿಮ್ಮ ಹಳೆಯ ಬ್ಲಾಕ್ ಯಾರಿಗಾಗಿ ಮಾಡಿದ್ದು? ಇಂಟೆಲಿನ ಆ ಕಾಲದ ಚಿಪ್ಪುಗಳಲ್ಲಿ ಸಿಲಿಕಾನ್ ಒಂದೇ ತುಂಡು, ಮುಚ್ಚಳದ ನಡುಮಧ್ಯೆ. ಅದಕ್ಕೆ ತಕ್ಕಂತೆ ಬ್ಲಾಕಿನ ತಳವನ್ನು ಕೂದಲೆಳೆಯಷ್ಟು ಉಬ್ಬಿಸುತ್ತಿದ್ದರು, ಸ್ಕ್ರೂ ಬಿಗಿ ಮಾಡಿದಾಗ ಒತ್ತಡ ನಡುವಿಗೇ ಬೀಳಲಿ, ಅಲ್ಲಿ ಪೇಸ್ಟ್ ತೀರಾ ತೆಳ್ಳಗಾಗಲಿ ಎಂದು. ಒಳಗೆ ನೀರನ್ನು ಫಿನ್ನಿನ ಮೇಲೆ ಚಿಮ್ಮಿಸುವ ಜೆಟ್ ಪ್ಲೇಟಿನ ಸೀಳೂ ನೇರ ನಡುವಿಗೆ. ಜೆಟ್ ಬಡಿಯುವ ಕಡೆ, ಅಂದರೆ ಚಾನಲ್ಲಿನ ಬಾಯಲ್ಲಿ, ನೀರಿನ ಗಡಿಪದರ ಇನ್ನೂ ಬೆಳೆದಿರುವುದಿಲ್ಲ. ಶಾಖ ದಾಟುವುದು ಅಲ್ಲಿ ಎಲ್ಲಕ್ಕಿಂತ ಜೋರು. ಮುಂದೆ ಹೋದಂತೆ ಕುಗ್ಗುತ್ತದೆ.

7950ಎಕ್ಸ್‌ನಲ್ಲಿ ನಡುವೆ ಬಿಸಿ ಇಲ್ಲ. ಎರಡು ಸಿಸಿಡಿಗಳು ಒಂದರ ಪಕ್ಕ ಒಂದು, ಗ್ರಾಫಿಕ್ ಕಾರ್ಡಿನ ಕಡೆಯ ಅಂಚಿನಲ್ಲಿವೆ. ನಿಮ್ಮ ಬ್ಲಾಕಿನ ಅತ್ಯುತ್ತಮ ಜಾಗ ಬಿಸಿಯೇ ಇಲ್ಲದ ಕಡೆ ಕೂತಿದೆ. ಇತ್ತೀಚಿನ ಎಎಂ5 ಬ್ಲಾಕುಗಳಲ್ಲಿ ಬ್ರಾಕೆಟನ್ನೇ ಕೆಳಕ್ಕೆ ಸರಿಸಿರುತ್ತಾರೆ. ಆರ್ಕ್ಟಿಕ್‌ನವರ ಲಿಕ್ವಿಡ್ ಫ್ರೀಜರ್‌ನಲ್ಲಿ ಹಾಗಿದೆ. ನೊಕ್ಚುವಾದವರು ತಮ್ಮ ಏರ್ ಕೂಲರುಗಳಿಗೆ 7 ಮಿ.ಮೀ. ಸರಿಸುವ ಪಟ್ಟಿ ಕೊಡುತ್ತಾರೆ. ಅವರೇ ಹೇಳುವ ಲಾಭ 1ರಿಂದ 3 ಡಿಗ್ರಿ. ಫಿನ್ ಅರ್ಧ ಮಾಡಿ ಗಳಿಸಿದಷ್ಟೇ ಹತ್ತಿರ ಹತ್ತಿರ. ಆ ಪಟ್ಟಿಯ ಬೆಲೆ ಬ್ಲಾಕಿನ ಬೆಲೆಯ ಮುಂದೆ ಏನೂ ಅಲ್ಲ.

ಹೊಸೂರು ಮಿಲ್ಲಿಂಗ್ · ಹೊಸೂರು

ಇದಕ್ಕೆ ನನ್ ಕಡೆಯಿಂದ ಸೇರಿಸ್ತೀನಿ, ಅಲಂಕಾರದ ಮಾತು ವಾಪಸ್ ತಗೊಳಲ್ಲ ಆದ್ರೂ. ತಳ ಉಬ್ಬಿರೋದು ನಿಜ. ಬ್ಲಾಕ್ ತಿರುಗಿಸಿ ಸ್ಟೀಲ್ ಸ್ಕೇಲ್ ಅಂಚನ್ನ ನಿಲ್ಲಿಸಿ ಹಿಂದೆ ಮೊಬೈಲ್ ಲೈಟ್ ಹಾಕಿ, ಎರಡೂ ಬದೀಲಿ ಬೆಳಕು ಸೋರಿದ್ರೆ ಉಬ್ಬು. ಕೆಲವ್ರು ಅದನ್ನ ದೋಷ ಅಂದ್ಕೊಂಡು ಎಮರಿ ಪೇಪರ್ ಮೇಲೆ ಉಜ್ಜಿ ಸಮ ಮಾಡ್ತಾರೆ. ಆ ಉಬ್ಬು ಬೇಕಂತಲೇ ಕೊಟ್ಟಿರೋದು. ಆದ್ರೆ ಎಎಂ5ನಲ್ಲಿ ನಿಮಗೆ ಅದು ಉಪಯೋಗಕ್ಕಿಂತ ತೊಂದರೆ, ಅಂಚಿನ ಕಡೆ ಪೇಸ್ಟ್ ದಪ್ಪ ನಿಲ್ಲತ್ತೆ.

ಇಂಟೆಲ್ 12ನೇ ತಲೆಮಾರಿಂದ ಬಂದ ಎಲ್‌ಜಿಎ1700 ಸಾಕೆಟ್‌ದು ಇನ್ನೊಂದು ಕಥೆ. ಚಿಪ್ಪು ಉದ್ದುದ್ದ, 37.5ಕ್ಕೆ 45 ಮಿ.ಮೀ. ಸಾಕೆಟ್ ಕ್ಲಾಂಪು ನಡುವೆ ಎರಡೇ ಕಡೆ ಅದುಮತ್ತೆ, ಮುಚ್ಚಳ ಬಾಗಿ ಗುಳಿ ಬೀಳತ್ತೆ. ಸಮ ತಳದ ಬ್ಲಾಕ್ ಇಟ್ರೆ ನಡುವೆ ಸಂದಿ. ಅದಕ್ಕೇ ಥರ್ಮಲ್ ಗ್ರಿಜ್ಲಿ, ಥರ್ಮಲ್‌ರೈಟ್‌ನವರು ಕ್ಲಾಂಪ್ ಬದ್ಲಿಗೆ ಹಾಕೋ ಕಾಂಟ್ಯಾಕ್ಟ್ ಫ್ರೇಮ್ ಮಾಡಿದ್ದು.

ನಿಕಲ್ ಪ್ಲೇಟಿಂಗ್ ಬಗ್ಗೆ ಯಾರಾದ್ರೂ ಕೇಳೋ ಮುಂಚೆ: ನಿಕಲ್ ಶಾಖ ಸಾಗಿಸೋದು ತಾಮ್ರದ ಕಾಲು ಭಾಗಕ್ಕಿಂತ ಕಮ್ಮಿ, ಆದ್ರೆ ಪದರ ಕೆಲವೇ ಮೈಕ್ರಾನ್. ಟೆಂಪರೇಚರ್‌ನಲ್ಲಿ ಕಾಣಲ್ಲ. ತಾಮ್ರ ಕಪ್ಪಾಗದಂಗೆ ನೋಡ್ಕೊಳತ್ತೆ, ಅಷ್ಟೇ. ಕನ್ನಡಿ ಥರ ಪಾಲಿಶ್ ಮಾಡೋದೂ ವೇಸ್ಟ್, ಹೊಳಪಿಗೂ ಸಮತಲಕ್ಕೂ ಸಂಬಂಧ ಇಲ್ಲ.

ಮಡಕಶಿರಾ ಬೋರ್‌ವೆಲ್ · ಮಡಕಶಿರಾ

ಅಣ್ಣಾ, ಫಿನ್ ಸಪೂರ ಆದ್ರೆ ಕಸ ಕಟ್ಟೋದು ಅಂದ್ರಲ್ಲ, ಅದ್ನ ಯಾರೂ ಮುಂದಕ್ಕೆ ಮಾತಾಡ್ಲಿಲ್ಲ. ನಮ್ ಕಡೆ ಬೋರ್ ನೀರು ಕಾಸೋ ಪಾತ್ರೆಗೇ ಬಿಳಿ ಪೊರೆ ಕಟ್ತೈತೆ. ನಮ್ಮೋರೊಬ್ರು ಅದೇ ನೀರ್ನ ಲೂಪಿಗೆ ಹಾಕವ್ರೆ. ಎಷ್ಟು ದಿನ ಬಾಳ್ತೈತೋ.

ಮುಳ್ಳೇರಿಯ ತೋಟ · ಮುಳ್ಳೇರಿಯ

ನಮ್ಮಲ್ಲಿ ಆ ತೊಂದರೆ ಇಲ್ಲ. ಮುರಕಲ್ಲು ಗುಡ್ಡೆಯ ಸುರಂಗದ ನೀರು, ಸ್ಫಟಿಕದ ಹಾಗೆ, ಪಾತ್ರೆಗೆ ಒಂದು ಕಲೆ ಕೂರುದಿಲ್ಲ. ಅದನ್ನು ಹಾಕಬಹುದಲ್ಲ?

ಪೆರ್ಲದ ಪಿಕ್ಸೆಲ್ · ಪೆರ್ಲ

ಬೇಡ ಮಾರಾಯ್ರೆ. ಕುಡೀಲಿಕ್ಕೆ ಅಮೃತ, ಲೂಪಿಗೆ ಅಲ್ಲ. ಮುರಕಲ್ಲಿನ ನೀರಲ್ಲಿ ಸುಣ್ಣದಂಶ ಕಡಿಮೆ ಅಂತ ಪೊರೆ ಕಟ್ಟುದಿಲ್ಲ, ಆದ್ರೆ ಅದು ಸ್ವಲ್ಪ ಹುಳಿ ಸ್ವಭಾವದ್ದು, ಕೆಲವು ಕಡೆ ಕಬ್ಬಿಣವೂ ಉಂಟು, ಮತ್ತೆ ಜೀವಾಣು. ಬೆಚ್ಚಗೆ 40 ಡಿಗ್ರಿಯಲ್ಲಿ ಸುತ್ತುವ ನೀರಲ್ಲಿ ಪಾಚಿ ಬೆಳೀಲಿಕ್ಕೆ ಇನ್ನೆಂತ ಬೇಕು? ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಪೇಟೆಯಲ್ಲಿ ಸಿಗ್ತದೆ. ಲೇಬಲ್ ನೋಡಿ ತಗೊಳ್ಳಿ, ಆಸಿಡ್ ಬೆರೆಸಿದ ಟಾಪ್‌ಅಪ್ ದ್ರಾವಣ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಅದಕ್ಕೆ ಬಯೋಸೈಡ್ ಮತ್ತು ತುಕ್ಕು ತಡೆಯುವ ದ್ರಾವಣ ಸೇರಿಸಿ. ಇಲ್ಲದಿದ್ರೆ ತಯಾರಾದ ಕೂಲಂಟೇ ಹಾಕಿ.

ರೇಡಿಯೇಟರ್ ಅಲ್ಯುಮಿನಿಯಮ್ಮಿನದ್ದಾದ್ರೆ ಇನ್ನೂ ಜಾಗ್ರತೆ. ತಾಮ್ರ, ಅಲ್ಯುಮಿನಿಯಂ ಒಂದೇ ನೀರಲ್ಲಿದ್ರೆ ಅಲ್ಯುಮಿನಿಯಂ ಕೊರೆದುಹೋಗ್ತದೆ. ಪಂಪು, ಬ್ಲಾಕ್, ರೇಡಿಯೇಟರ್ ಒಟ್ಟಿಗೇ ಸೀಲ್ ಮಾಡಿ ಬರುವ ಎಐಒಗಳಲ್ಲಿ ಹೆಚ್ಚಿನವು ಹಾಗೇ ಇರುದು, ತುಕ್ಕು ತಡೆಯುವ ದ್ರಾವಣದ ಬಲದಲ್ಲಿ ನಡೀತವೆ. ಅದನ್ನು ಬಿಚ್ಚಿ ಸಾದಾ ನೀರು ಹಾಕಿದ್ರೆ ಮುಗೀತು.

ಚೌಕಿಯವ್ರೆ, ನಿಮ್ಮದು ಸೆಕೆಂಡ್ ಹ್ಯಾಂಡ್ ಲೂಪ್, ಪಿವಿಸಿ ಟ್ಯೂಬ್ ಅಂದ್ರಲ್ಲ. ಆ ಟ್ಯೂಬಿನ ಪ್ಲಾಸ್ಟಿಸೈಸರ್ ನೀರಿಗೆ ಬಿಟ್ಟುಕೊಂಡು ಸೀದಾ ಫಿನ್ನಿನಲ್ಲೇ ಕೂರುದು. ಇಡೀ ಲೂಪಿನಲ್ಲಿ ಎಲ್ಲಕ್ಕಿಂತ ಸಪೂರ ದಾರಿ ಅದೇ ಅಲ್ವಾ, ಜರಡಿಯ ಕೆಲಸವೂ ಅದರದ್ದೇ. ಒಮ್ಮೆ ಬಿಚ್ಚಿ ನೋಡಿ.

ಚೌಕಿ ಕ್ಯಾಮರಾ · ಬದಿಯಡ್ಕ

ಬಿಚ್ಚಿದೆ. ಫಿನ್ನಿನ ನಡುವೆ ಬಿಳಿ ಮೇಣದ ಹಾಗೆ ಕೂತಿತ್ತು, ಸುಮಾರು ಕಾಲು ಭಾಗ ದಾರಿ ಬಂದ್. ಹಳೇ ಟೂತ್ ಬ್ರಷ್, ಪಾತ್ರೆ ತೊಳೆಯುವ ಲಿಕ್ವಿಡ್ಡು, ಬಿಸಿ ನೀರಲ್ಲಿ ತೊಳೆದು ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಾಡಿಸಿದೆ. ಟ್ಯೂಬ್ ಇಪಿಡಿಎಂ ರಬ್ಬರಿನದ್ದು ಹಾಕಿದೆ. ಅಕ್ಕನ ಮಾತು ಕೇಳಿ ಒಳ್ಳೇದಾಯ್ತು. ಬ್ರಾಕೆಟಿನ ತೂತುಗಳನ್ನು ಬದಿಯಡ್ಕದ ವರ್ಕ್‌ಶಾಪಿನಲ್ಲಿ ಉದ್ದ ಮಾಡಿಸಿ ಬ್ಲಾಕನ್ನು ಗ್ರಾಫಿಕ್ ಕಾರ್ಡಿನ ಕಡೆಗೆ ಸರಿಸಿದೆ. ಪೇಸ್ಟ್ ಹೊಸತು.

ಅದೇ ಇಕೋ ಮೋಡ್, ಅದೇ ಪ್ರಾಜೆಕ್ಟ್. ವ್ಯತ್ಯಾಸ 33 ಇದ್ದದ್ದು ಈಗ 28.

ನೀರ್ಚಾಲು ಮಾಷ್ಟ್ರು · ನೀರ್ಚಾಲು

ಅಂಕೆ ಒಳ್ಳೆಯದೇ. ಆದರೆ ತೊಳೆದದ್ದು, ಸರಿಸಿದ್ದು, ಪೇಸ್ಟ್ ಬದಲಿಸಿದ್ದು, ಮೂರನ್ನೂ ಒಟ್ಟಿಗೆ ಮಾಡಿ ಕೂತಿದ್ದೀರಿ. ಯಾವುದರಿಂದ ಎಷ್ಟು ಎಂದು ಈಗ ದೇವರಿಗೇ ಗೊತ್ತು. ಪ್ರಯೋಗಶಾಲೆಯಲ್ಲಿ ನನ್ನ ವಿದ್ಯಾರ್ಥಿ ಹೀಗೆ ಮಾಡಿದ್ದರೆ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕುತ್ತಿರಲಿಲ್ಲ.

ಚೌಕಿ ಕ್ಯಾಮರಾ · ಬದಿಯಡ್ಕ

ಮಾಷ್ಟ್ರೆ, ನಾಳೆ ಆಟ ಉಂಟು, ಮೊನ್ನೆಯ ವಿಡಿಯೋ ಇನ್ನೂ ಕೊಟ್ಟಾಗಿಲ್ಲ. ಮತ್ತೆ ಮತ್ತೆ ಲೂಪ್ ಖಾಲಿ ಮಾಡ್ಲಿಕ್ಕೆ ಪುರುಸೊತ್ತೆಲ್ಲಿ?

ಜತ್ತದ ಬಿಸಿಲು · ಜತ್ತ

5 ಡಿಗ್ರಿ ಅಂದ್ರ ನನಗ ಮೇ ತಿಂಗಳ ದಾಟಿದಂಗ ಆತು. ಅಲ್ರೀ, 54ರಾಗ ಫಿನ್ನಿಂದು 5, ಅಲ್ಲಿಷ್ಟು ಇಲ್ಲಿಷ್ಟು ಅಂದ್ರೂ ದೊಡ್ಡ ಗಂಟು ಎಲ್ಲೈತಿ? ಅದನ್ನ ಹೇಳ್ರಿ ಮೊದಲ.

ಪೆರ್ಲದ ಪಿಕ್ಸೆಲ್ · ಪೆರ್ಲ

ಮುಚ್ಚಳದಲ್ಲಿ. ಎಎಂ4 ಕೂಲರುಗಳು ಎಎಂ5ಕ್ಕೂ ಹೊಂದಬೇಕು ಅಂತ ಎಎಂಡಿ ಎತ್ತರ ಹಾಗೇ ಉಳಿಸಿಕೊಂಡಿತು, ಹಾಗಾಗಿ ಐಎಚ್‌ಎಸ್ ದಪ್ಪ ಆಯ್ತು. 2022ರಲ್ಲಿ ಜರ್ಮನಿಯ ಡೆರ್‌ಬಾವರ್ ಎಂಬ ಯೂಟ್ಯೂಬರ್ ಈ ಮುಚ್ಚಳ ತೆಗೆದು ಸಿಲಿಕಾನಿನ ಮೇಲೆ ನೇರ ಬ್ಲಾಕ್ ಇಟ್ಟು ತೋರಿಸಿದ್ದ. ಸುಮಾರು 20 ಡಿಗ್ರಿ ಇಳೀತು. ಯಾವ ಫಿನ್ನಿನ ವಿನ್ಯಾಸವೂ ಆ ಅಂಕೆಯ ಹತ್ತಿರ ಬರುದಿಲ್ಲ.

ಹಾಗಂತ ಮಾಡ್ಲಿಕ್ಕೆ ಹೋಗ್ಬೇಡಿ. ಮುಚ್ಚಳ ಬೆಸುಗೆ ಹಾಕಿದ್ದು, ತೆಗೆದ ಕೂಡ್ಲೆ ವಾರಂಟಿ ಹೋಯ್ತು, ಅಂಚಿನ ಸಣ್ಣ ಕೆಪಾಸಿಟರ್ ಒಂದು ಕಿತ್ತುಬಂದ್ರೆ ಚಿಪ್ಪೇ ಹೋಯ್ತು. ನೇರ ಇಡುವಾಗ ಪೇಸ್ಟ್ ಬದಲು ಲಿಕ್ವಿಡ್ ಮೆಟಲ್ ಹಾಕ್ತಾರೆ. ಅದು ಅಲ್ಯುಮಿನಿಯಂ ತಿಂದು ಹಾಕ್ತದೆ, ಬೋರ್ಡಿಗೆ ಒಂದು ಹನಿ ಬಿದ್ರೆ ಶಾರ್ಟ್. ದುಡಿಯುವ ಸಿಸ್ಟಮ್ಮಿಗೆ ಅಲ್ಲ ಅದು.

ಹೊಸೂರು ಮಿಲ್ಲಿಂಗ್ · ಹೊಸೂರು

ಮುಚ್ಚಳ ತೆಗೆದ್ಮೇಲೆ ನನ್ ಫಿನ್ನಿಗೆ ಬೆಲೆ ಬರತ್ತೆ ನೋಡಿ. ಮುಚ್ಚಳ ಇದ್ದಾಗ ಅದೇ ಬಿಸಿನ ಸ್ವಲ್ಪ ಹರಡ್ಕೊಂಡು ತರತ್ತೆ. ಇಲ್ಲದಿದ್ದಾಗ 71 ಚದರ ಮಿ.ಮೀ. ಮೇಲೆ 100 ವ್ಯಾಟ್ ನೇರ ಬ್ಲಾಕಿನ ತಳಕ್ಕೆ. ಆಗ ತಳದ ದಪ್ಪ, ಫಿನ್ನಿನ ಸಪೂರ, ಜೆಟ್ ಎಲ್ಲಿ ಬೀಳತ್ತೆ, ಎಲ್ಲಾ ಲೆಕ್ಕಕ್ಕೆ ಬರತ್ತೆ. ತಳ ತೀರಾ ತೆಳು ಮಾಡಿದ್ರೆ ಬಿಸಿ ಬದಿಗೆ ಹರಡೋಕೆ ತಾಮ್ರ ಸಾಲದು, ದಪ್ಪ ಮಾಡಿದ್ರೆ ದಾರಿ ಉದ್ದ. ಎಲ್ರಿಗೂ ಒಂದೇ ದಪ್ಪ ಸರಿಹೋಗಲ್ಲ. ಅದಕ್ಕೇ ನೇರ ಸಿಲಿಕಾನಿಗೆ ಇಡೋ ಬ್ಲಾಕುಗಳನ್ನ ಬೇರೆಯೇ ಮಾಡ್ತಾರೆ.

ಮಾಷ್ಟ್ರು ಒಪ್ಪಲ್ಲ ಅಂತ ಗೊತ್ತು.

ನೀರ್ಚಾಲು ಮಾಷ್ಟ್ರು · ನೀರ್ಚಾಲು

ಇದನ್ನು ಪೂರಾ ಒಪ್ಪುತ್ತೇನೆ. ನಿಮ್ಮ ಶಾಪ್‌ನಲ್ಲಿ 0.2ರ ಸಾ ತಗೊಂಡು ಸೀಳಿದ ದಿನ ಒಂದು ಫೋಟೋ ಹಾಕಿ.

ತಾಳವಾಡಿ ಹುಡುಗ · ತಾಳವಾಡಿ

ಕೊನೇದಾಗಿ ಒಂದು. ನಾನೂ ಒಂದು ಸೆಕೆಂಡ್ ಹ್ಯಾಂಡ್ ಬ್ಲಾಕ್ ತಗೊಂಡಿದ್ದೀನಿ, ಎರಡು ತೂತು ಇದೆ, ಯಾವ್ದು ಒಳಗೆ ಯಾವ್ದು ಹೊರಗೆ ಅಂತ ಬರೆದಿಲ್ಲ. ಹೆಂಗೆ ಗೊತ್ತಾಗತ್ತೆ? ಉಲ್ಟಾ ಹಾಕಿದ್ರೆ ಕೆಟ್ಟೋಗತ್ತಾ?

ಪೆರ್ಲದ ಪಿಕ್ಸೆಲ್ · ಪೆರ್ಲ

ಕೆಡುದಿಲ್ಲ, ಕೆಲವು ಡಿಗ್ರಿ ಜಾಸ್ತಿ ತೋರಿಸ್ತದೆ ಅಷ್ಟೇ. ಬ್ಲಾಕಿನ ಮೇಲಿನ ಮುಚ್ಚಳದ ಸ್ಕ್ರೂ ತೆಗೆದು ನೋಡು. ಫಿನ್ನಿನ ನಡುವಿನ ಸೀಳಿಗೆ ಯಾವ ತೂತು ತೆರೆದುಕೊಳ್ತದೋ ಅದು ಒಳಬರುವ ದಾರಿ. ಸಾಮಾನ್ಯವಾಗಿ ಬ್ಲಾಕಿನ ನಡುವಿಗೆ ಹತ್ತಿರ ಇರುವ ತೂತೇ ಅದು. ವಾಪಸ್ ಹಾಕುವಾಗ ಓ-ರಿಂಗ್ ಅದರ ತೋಡಿನಲ್ಲಿ ಸರಿಯಾಗಿ ಕೂತಿದೆಯಾ ನೋಡಿಕೋ. ಬೋರ್ಡಿಗೆ ಹಾಕುವ ಮೊದಲು ಹೊರಗೆ ಪಂಪಿಗೆ ಸಿಕ್ಕಿಸಿ, ಕೆಳಗೆ ಪೇಪರ್ ಹಾಸಿ, ಒಂದು ರಾತ್ರಿ ಓಡಿಸು. ಪೇಪರ್ ಒದ್ದೆಯಾಗದೆ ಇದ್ರೆ ಮಾತ್ರ ಸಿಸ್ಟಮ್ಮಿಗೆ.